ಸೀರೆಯ ಕೆಳಗಿನ ಬೂಟು

ನಾನು ಬಲಗಾಲಿನ ಬೂಟು. ಎಡಗಾಲಿನವನು ನನ್ನ ಜೊತೆಗೇ ಹುಟ್ಟಿದವನು, ಆದರೆ ಮಾತು ಕಡಿಮೆ. ಅವನ ಪಾಲಿನದನ್ನೂ ನಾನೇ ಹೇಳಬೇಕು. ನಾವು ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂತು ಗಿರಾಕಿಯ ದಾರಿ ಕಾಯ್ದವರಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಒಬ್ಬರೇ ಒಬ್ಬರ ಪಾದದ ಅಳತೆ ತೆಗೆದುಕೊಂಡು ಅಲ್ಲಿ ಬೂಟು ಮಾಡುವ ಪರಸಪ್ಪನವರು ನಮ್ಮನ್ನು ಹೊಲಿದರು. ಮೊದಲು ಪಾದಗಳನ್ನು ಕಾಗದದ ಮೇಲೆ ಇಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದರಂತೆ. ಬಲ ಪಾದದ ಗೆರೆ ಕಿರುಬೆರಳಿನ ಹತ್ತಿರ ಬಂದಾಗ ಒಳಕ್ಕೆ ಹೊರಳಿತು. ಅಲ್ಲಿ ಬೆರಳು ಇರಲಿಲ್ಲ.

ಆ ಖಾಲಿ ಜಾಗಕ್ಕೆ ಅವರು ಮೆತ್ತನೆಯ ರಬ್ಬರು ಕೂಡಿಸಿದರು. ಒಳಗೆ ಒಂದು ಹೊಲಿಗೆಯೂ ತಾಗಬಾರದೆಂದು ನನ್ನ ಹೊಟ್ಟೆಯೊಳಗೆ ಕೈ ಹಾಕಿ ಹಾಕಿ ತಡವಿ ನೋಡಿದರು. ಅಷ್ಟು ಕಾಳಜಿಯಿಂದ ಹುಟ್ಟಿದ್ದರೂ ನಾನು ನೋಡಲು ಚೆಂದವಿಲ್ಲ. ಮೂತಿ ಅಗಲ, ಬಣ್ಣ ಕಪ್ಪು, ಮೇಲೆ ಚರ್ರೆಂದು ಬಿಚ್ಚುವ ಎರಡು ದಪ್ಪ ಪಟ್ಟಿ. ನನ್ನನ್ನು ನೋಡಿ ಯಾರೂ ಆಹಾ ಎಂದದ್ದಿಲ್ಲ. ಅದರ ಬಗ್ಗೆ ನನಗೆ ಬೇಜಾರಿಲ್ಲ ಎಂದರೆ ಸುಳ್ಳಾದೀತು.

ನನ್ನ ಒಡತಿ ಚಂಪಾಬಾಯಿ. ಅರವತ್ನಾಲ್ಕು ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿನ ಟ್ರಂಕ್ ಕಾಲ್ ಜೋಡಿಸುತ್ತ ನಿವೃತ್ತಿಯಾದವರು. ಸಕ್ಕರೆ ಕಾಯಿಲೆ ಅವರ ಪಾದಗಳ ಸ್ಪರ್ಶವನ್ನೇ ಕದ್ದುಬಿಟ್ಟಿತ್ತು. ಚಪ್ಪಲಿಯೊಳಗಿನ ಮೊಳೆಯೊಂದು ಎರಡು ದಿನ ಚುಚ್ಚುತ್ತಲೇ ಇದ್ದರೂ ಅವರಿಗೆ ತಿಳಿದಿರಲಿಲ್ಲ. ತಿಳಿಯುವಷ್ಟರಲ್ಲಿ ಬೆರಳು ಹೋಗಿತ್ತು, ಗಾಯ ಮಾಯಲು ಎಂಟು ತಿಂಗಳು ಹಿಡಿದಿತ್ತು.

ನನ್ನನ್ನು ಮೊದಲ ಸಲ ತೊಡಿಸಿದ ದಿನ ಡಾಕ್ಟರು ಹೇಳಿದ ಮಾತು ಇನ್ನೂ ನೆನಪಿದೆ. "ಬಾಯಾರ, ನಿಮ್ಮ ಕಾಲು ಇನ್ನ ತಮ್ಮ ನೋವು ತಾವು ಹೇಳಂಗಿಲ್ಲ. ಬೂಟಿಲ್ಲದ ಒಂದ ಹೆಜ್ಜಿನೂ ಇಡಬ್ಯಾಡ್ರಿ. ಈ ಕಾಲಿಗೆ ಇನ್ನೊಂದು ಗಾಯಾದ್ರ ಬೆರಳಿಗೆ ನಿಲ್ಲಂಗಿಲ್ಲ ಅದು."

ಅಂದಿನಿಂದ ಚಂಪಾಬಾಯಿಯವರ ಲೋಕ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಎಂಬಷ್ಟಾಯಿತು. ಗೇಟು ದಾಟುವುದು ಆಸ್ಪತ್ರೆಗೆ ಮಾತ್ರ. ಆಗಲೂ ಸೀರೆಯನ್ನು ನೆಲ ಗುಡಿಸುವಷ್ಟು ಇಳಿಬಿಟ್ಟು ಉಡುತ್ತಿದ್ದರು, ನಾನು ಯಾರ ಕಣ್ಣಿಗೂ ಬೀಳಬಾರದೆಂದು. ಅವರಿಗೆ ಕಾಲಿನ ಭಯ ಒಂದು ಕಡೆ, ನನ್ನ ನಾಚಿಕೆ ಇನ್ನೊಂದು ಕಡೆ.

ಅವರನ್ನು ಎಬ್ಬಿಸಿದವರು ತಂಗಿ ಅನಸೂಯಾ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಒಂದು ದಿನ ಪ್ರವಾಸದ ಕಾಗದಗಳನ್ನು ಅಕ್ಕನ ತೊಡೆಯ ಮೇಲೆ ಹಾಕಿದರು. ಅಕ್ಟೋಬರಿನ ಕೊನೆಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಎಂಟು ದಿನದ ಹಡಗು ಪ್ರವಾಸ.

"ಮೂವತ್ತು ವರ್ಷ ನಕಾಶೆ ಮ್ಯಾಲ ಕೋಲಿಟ್ಟು ತೋರ್ಸೇನಿ. ಈಗ ಕಾಲಿಟ್ಟು ನೋಡಬೇಕಾಗೇತಿ. ನೀ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ ನೋಡಕ್ಕಾ."

"ಈ ಕಾಲು ತಗೊಂಡು ಎಲ್ಲಿಗೆ ಬರ್ಲಿ?"

"ಅದಕ್ಕ ಬೂಟು ಮಾಡಿಸಿದ್ದು. ಪಡಸಾಲಿಗೆ ಯಾರರ ಬೂಟು ಮಾಡಸ್ತಾರೇನು?"

ಆ ಮಾತಿಗೆ ನಾನು ಮನಸ್ಸಿನಲ್ಲೇ ಅನಸೂಯಾ ಅವರಿಗೆ ಕೈಮುಗಿದೆ.

ಮುಂದಿನ ಹದಿನೈದು ದಿನ ಮಂಚದ ಮೇಲೆ ಎರಡು ಸೂಟ್‌ಕೇಸು, ಅದರ ಸುತ್ತ ಅಕ್ಕತಂಗಿಯರ ಜಗಳ. ಪ್ರವಾಸದವರು ಒಂದು ಪಟ್ಟಿ ಕಳಿಸಿದ್ದರು. ಆ ಕಾಲದಲ್ಲಿ ಅಲ್ಲಿ ಹಗಲು ಬಿಸಿಲು, ಸಂಜೆ ಡೆಕ್ಕಿನ ಮೇಲೆ ಚಳಿಗಾಳಿ, ನಡುನಡುವೆ ಹೇಳದೆ ಕೇಳದೆ ಮಳೆ. ದಪ್ಪನೆಯ ಒಂದೇ ಕೋಟು ಬೇಡ, ತೆಳುವಾದವನ್ನು ಒಂದರ ಮೇಲೊಂದು ಹಾಕಿಕೊಳ್ಳುವಂತಿರಲಿ. ಮಳೆಯಂಗಿ ಇರಲಿ. ಚರ್ಚುಗಳಿಗೆ ಹೋಗುವಾಗ ಹೆಗಲು ಮುಚ್ಚಿರಲಿ. ಕ್ಯಾಪ್ಟನ್ನರ ಔತಣಕ್ಕೆ ಒಂದು ಒಳ್ಳೆಯ ಉಡುಪು. ಎಲ್ಲಕ್ಕಿಂತ ಮುಖ್ಯ, ಕಲ್ಲುಹಾಸಿನ ಬೀದಿಗಳಿಗೆ ಗಟ್ಟಿ ಬೂಟು. ಈ ಕೊನೆಯ ಸಾಲನ್ನು ಅನಸೂಯಾ ಮೂರು ಸಲ ಓದಿದರು.

ಚಂಪಾಬಾಯಿ ಹನ್ನೆರಡು ಸೀರೆ ತುಂಬಿದರು. ಅನಸೂಯಾ ಏಳನ್ನು ತೆಗೆದು ಮಂಚದ ಮೇಲೆ ಎಸೆದರು. ಇವರು ಮತ್ತೆ ಎರಡನ್ನು ಹಾಕಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುಳಿಗೆಗಳ ಡಬ್ಬಿ, ಪಾದದ ಅಡಿ ನೋಡಿಕೊಳ್ಳುವ ಕೈಗನ್ನಡಿ, ಹೊಲಿಗೆ ಇಲ್ಲದ ಉಣ್ಣೆಯ ಕಾಲುಚೀಲ ಆರು ಜೊತೆ ಒಳಗೆ ಹೋದವು.

"ಅಕ್ಕಾ, ಎರಡು ಪ್ಯಾಂಟ್ ತಗೋ. ಡೆಕ್ಕಿನ ಗಾಳ್ಯಾಗ ಸೀರಿ ಹಾರತೇತಿ."

"ಪಿನ್ನು ಹಚ್ಚತೀನಿ. ಪ್ಯಾಂಟ್ ಹಾಕ್ಕೊಂಡ್ರ ಬೂಟು ಕಾಣಸತಾವ."

"ಕಂಡ್ರ ಏನಾಕೇತಿ?"

"ಆನಿಕಾಲಿನಂಗ ಕಾಣಸತಾವ. ನಿನಗ ಗೊತ್ತಾಗಂಗಿಲ್ಲ, ಸುಮ್ನ ಕೂಡು."

ಕಡೆಗೆ ರಾಜಿಯಾಯಿತು. ಸೀರೆಯೇ, ಆದರೆ ಒಳಗೆ ಲಂಗದ ಬದಲು ಬೆಚ್ಚನೆಯ ಲೆಗ್ಗಿಂಗ್ಸ್, ಮೇಲೆ ತೋಳುದ್ದ ಸ್ವೆಟರ್. ನಾನು ಮಾತ್ರ ಎಂದಿನಂತೆ ಕತ್ತಲೆಯಲ್ಲಿ.

ಹಡಗಿನ ಮೊದಲ ಮೂರು ದಿನ ಹಬ್ಬದಂತೆ ಕಳೆದವು. ಚಂಪಾಬಾಯಿ ಮೊದಲು ಗೋಡೆ ಹಿಡಿದು, ಆಮೇಲೆ ತಂಗಿಯ ತೋಳು ಹಿಡಿದು, ಮೂರನೆಯ ದಿನ ಏನನ್ನೂ ಹಿಡಿಯದೆ ಡೆಕ್ಕಿನ ಸುತ್ತ ನಡೆದರು. ಪ್ರತಿ ಸಂಜೆ ಕನ್ನಡಿಯಲ್ಲಿ ಪಾದ ನೋಡಿ, "ಏನೂ ಆಗಿಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ನಾಲ್ಕನೆಯ ದಿನ ಸಿಸಿಲಿ ದ್ವೀಪದ ಒಂದು ಬಂದರಿನಲ್ಲಿ ಇಳಿದೆವು. ಮಳೆ ಆಗಷ್ಟೇ ನಿಂತಿತ್ತು. ಹಳೆಯ ಚರ್ಚೊಂದರ ಬಾಗಿಲಲ್ಲಿ ಕಾವಲುಗಾರನೊಬ್ಬ ಬಂದವರ ಉಡುಪು ನೋಡಿ ಒಳಗೆ ಬಿಡುತ್ತಿದ್ದ. ಸೀರೆಯ ಬಗ್ಗೆ ಅಷ್ಟೆಲ್ಲ ಆಡಿಕೊಂಡಿದ್ದ ಅನಸೂಯಾ ಅವರೇ ಅಂದು ತೋಳಿಲ್ಲದ ಕುರ್ತಾ ಹಾಕಿದ್ದರು. ಅವರನ್ನು ತಡೆದ. ಅವರು ಗೊಣಗುತ್ತ ಎದುರಿನ ಅಂಗಡಿಗೆ ಶಾಲು ಕೊಳ್ಳಲು ಹೋದರು. ಹಸಿರು ಇಳಕಲ್ ಸೀರೆಯ ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದಿದ್ದ ಚಂಪಾಬಾಯಿಯನ್ನು ಕಂಡು ಕಾವಲುಗಾರ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ.

ಅವರಿಗೆ ಆ ಗೌರವದಿಂದ ಮೈ ಜುಮ್ಮೆಂದಿರಬೇಕು. ಒಳಗೆ ದೀಪಗಳ ಸಾಲು, ಮೇಣದ ವಾಸನೆ, ಎಲ್ಲೋ ಗಂಟೆ. ದೇವರ ಬಾಗಿಲಲ್ಲಿ ನಿಂತಾಗ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಅವರ ಕೈ ಮಾಡಿತು. ಬಗ್ಗಿದರು, ಚರ್ರೆಂದು ಪಟ್ಟಿ ಬಿಚ್ಚಿದರು, ನಮ್ಮಿಬ್ಬರನ್ನೂ ಮೆಟ್ಟಿಲ ಮೂಲೆಗೆ ಒತ್ತಿ ಇಟ್ಟು ಕಾಲುಚೀಲದಲ್ಲೇ ಒಳಗೆ ಹೋದರು.

ನನಗೆ ಬಾಯಿದ್ದಿದ್ದರೆ ಕೂಗುತ್ತಿದ್ದೆ. ಕಾಯ್ದೆ. ನಮ್ಮ ಪ್ರವಾಸದ ಗುಂಪು ಈ ಬಾಗಿಲಿಗೆ ಮರಳಿ ಬರಲಿಲ್ಲ. ಹೊರಹೋಗುವ ಬಾಗಿಲು ಇನ್ನೊಂದು ಬೀದಿಯಲ್ಲಿತ್ತಂತೆ. ಮತ್ತೆ ಹನಿ ಬೀಳತೊಡಗಿತು. ಮೆಟ್ಟಿಲು ಗುಡಿಸುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನೆತ್ತಿ, ನನ್ನ ಒಳಗಿನ ರಬ್ಬರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಒಳಗೆ ಬೆಂಚಿನ ಕೆಳಗಿಟ್ಟು, ಒದ್ದೆಯಾಗಿದ್ದ ನಮ್ಮೊಳಗೆ ಒಣ ಕಾಗದ ತುರುಕಿದಳು.

ಮುಂದಿನದನ್ನು ಅನಸೂಯಾ ಹತ್ತು ಸಲ ಹೇಳಿದ್ದರಿಂದ ನನಗೆ ಗೊತ್ತು. ಚಂಪಾಬಾಯಿ ಒದ್ದೆ ಕಲ್ಲುಬೀದಿಯಲ್ಲಿ ಅರ್ಧ ಕಿಲೋಮೀಟರು ನಡೆದರು. ಕಾಲಿಗೆ ತಂಪು ತಿಳಿಯಲಿಲ್ಲ, ಕಲ್ಲು ತಿಳಿಯಲಿಲ್ಲ. ನೆಲ ಗುಡಿಸುವ ಸೀರೆಯಿಂದಾಗಿ ಅವರಿಗೂ ಕಾಣಲಿಲ್ಲ, ಜೊತೆಗಿದ್ದವರಿಗೂ ಕಾಣಲಿಲ್ಲ. ಬಸ್ ಹತ್ತಲು ನೆರಿಗೆ ಎತ್ತಿ ಹಿಡಿದಾಗ, ಕೆಸರು ಹಿಡಿದ ಕಾಲುಚೀಲ ಹಿಂದಿದ್ದ ತಂಗಿಯ ಕಣ್ಣಿಗೆ ಬಿತ್ತು.

"ಅಕ್ಕಾ, ಬೂಟೆಲ್ಲಿ?"

"ಹಾಕ್ಕೊಂಡೇನಲ್ಲ," ಎಂದರಂತೆ ಚಂಪಾಬಾಯಿ. ಆಮೇಲೆ ಕೆಳಗೆ ನೋಡಿದರು.

ಅನಸೂಯಾ ಏದುಸಿರು ಬಿಡುತ್ತ ಚರ್ಚಿಗೆ ವಾಪಸು ಬಂದು, ಆ ಮುದುಕಿಯ ಎರಡೂ ಕೈ ಹಿಡಿದು ಕನ್ನಡದಲ್ಲೇ ಏನೇನೋ ಹೇಳಿ, ನಮ್ಮನ್ನು ಎದೆಗವಚಿಕೊಂಡು ಓಡಿದರು. ಬಸ್ಸಿನಲ್ಲಿ ಚಂಪಾಬಾಯಿ ಕಾಲುಚೀಲ ತೆಗೆಯದೆ ಕೂತಿದ್ದರು. ತೆಗೆಯುವ ಧೈರ್ಯ ಬಂದಿರಲಿಲ್ಲ. "ನೀನ ನೋಡು ಅನಸೂ," ಎಂದು ಕಣ್ಣು ಮುಚ್ಚಿದರು. ಅನಸೂಯಾ ಬಲಗಾಲಿನ ಚೀಲವನ್ನು ನಿಧಾನಕ್ಕೆ ಸುಲಿದರು. ಅದರ ಅಡಿಯಲ್ಲಿ, ದಪ್ಪ ಉಣ್ಣೆಯಲ್ಲಿ ಸಿಕ್ಕಿಕೊಂಡು, ಉಗುರಿನಷ್ಟು ಗಾಜಿನ ಚೂರೊಂದಿತ್ತು.

ಅನಸೂಯಾ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಹಾಕಿ ಇಂಚಿಂಚು ನೋಡಿದರು, ಬೆರಳಿನಿಂದ ಒರೆಸಿ ಮತ್ತೆ ನೋಡಿದರು.

"ತೊಗಲಿಗೆ ಮುಟ್ಟಿಲ್ಲಕ್ಕಾ. ಒಂದು ಗೆರಿನೂ ಇಲ್ಲ."

ಚಂಪಾಬಾಯಿ ಎಲ್ಲರೆದುರು ಅತ್ತುಬಿಟ್ಟರು. "ಸಾಕವಾ. ಇನ್ನ ನಾ ಹಡಗು ಬಿಟ್ಟು ಇಳಿಯಂಗಿಲ್ಲ," ಎಂದರು. ಹಾಗೇ ಮಾಡಿದರು. ಮರುದಿನ ನೇಪಲ್ಸ್ ಬಂತು, ಹೋಯಿತು. ಅವರು ಕ್ಯಾಬಿನ್ನಿನ ಮಂಚ ಬಿಟ್ಟು ಕದಲಲಿಲ್ಲ. ತಂಗಿಯೂ ಇಳಿಯಲಿಲ್ಲ. ಗೋಡೆಗೆ ಮುಖ ಮಾಡಿ ಕೂತ ನನಗೆ ಹುಬ್ಬಳ್ಳಿಯ ಪಡಸಾಲೆಯೇ ಕಣ್ಣಿಗೆ ಕಟ್ಟಿತು. ಎಲ್ಲ ಮುಗಿಯಿತು ಎಂದುಕೊಂಡೆ.

ಅದರ ಮರುದಿನ ಸಂಜೆ ಕ್ಯಾಪ್ಟನ್ನರ ಔತಣ. ಅನಸೂಯಾ ತಾವೂ ಹೋಗುವುದಿಲ್ಲವೆಂದು ಪುಸ್ತಕ ಹಿಡಿದು ಕೂತಿದ್ದರು. ಚಂಪಾಬಾಯಿ ಒಮ್ಮೆ ತಂಗಿಯತ್ತ, ಒಮ್ಮೆ ನಮ್ಮತ್ತ ನೋಡಿ, ಎದ್ದು ಸೂಟ್‌ಕೇಸ್ ತೆಗೆದರು. ಕೆಂಪಂಚಿನ ಧಾರವಾಡ ರೇಷ್ಮೆ ಹೊರಬಂತು. ಮೊದಲು ನಮ್ಮನ್ನು ತೊಟ್ಟರು. ಆಮೇಲೆ ಸೀರೆ ಉಟ್ಟರು. ಎಂದೂ ಹಾಗೆ ಮಾಡಿದವರಲ್ಲ. ಕನ್ನಡಿಯಲ್ಲಿ ನೋಡಿ ನೆರಿಗೆ ಬಿಚ್ಚಿದರು, ಸೊಂಟದ ಹತ್ತಿರ ಇನ್ನಷ್ಟು ಒಳಗೆ ಸಿಕ್ಕಿಸಿ ಮತ್ತೆ ಉಟ್ಟರು. ನನ್ನ ಮುಖದ ಮೇಲೆ ಬೆಳಕು ಬಿತ್ತು.

"ಅಕ್ಕಾ, ಸೀರಿ ಭಾಳ ಮ್ಯಾಲಾತು. ಬೂಟು ಪೂರಾ ಕಾಣಾಕತ್ತಾವ."

"ಕಾಣಲಿ ಬಿಡು. ಅವು ಅದಾವೋ ಇಲ್ಲೋ ಕಾಲಿಗಂತೂ ತಿಳಿಯಂಗಿಲ್ಲ, ಕಣ್ಣಿಗಾದ್ರೂ ತಿಳೀಲಿ. ನೀನೂ ನೋಡ್ತಿರು. ಊರ ಮಂದಿನೂ ನೋಡ್ಲಿ."

ಆ ದೊಡ್ಡ ಸಭಾಂಗಣದಲ್ಲಿ ಹೊಳೆಯುವ, ಎತ್ತರ ಹಿಮ್ಮಡಿಯ ನೂರಾರು ಪಾದರಕ್ಷೆಗಳಿದ್ದವು. ಕೆಲವು ನನ್ನನ್ನು ನೋಡಿದವು. ನಾನೂ ನೆಟ್ಟಗೆ ನೋಡಿದೆ. ಮರುದಿನ ಮಾರ್ಸೇಲ್ ಬಂದರಿನಲ್ಲಿ ಹಡಗು ನಿಂತಾಗ ಇಳಿದವರಲ್ಲಿ ಚಂಪಾಬಾಯಿಯೇ ಮೊದಲಿಗರು.

ಇದೆಲ್ಲ ಆಗಿ ಮೂರು ವರ್ಷ. ನನ್ನ ಅಟ್ಟೆ ಸವೆದಿದೆ, ಪಟ್ಟಿಗಳ ಹಿಡಿತ ಹೋಗಿದೆ. ಜಗಲಿಯ ಮೂಲೆಯಲ್ಲಿ ಎಡಗಾಲಿನವನ ಪಕ್ಕ ಕೂತಿರುತ್ತೇನೆ. ನಮ್ಮ ಕೆಲಸವನ್ನು ಈಗ ಇನ್ನೊಂದು ಜೋಡಿ ಮಾಡುತ್ತಿದೆ. ಅದೂ ನಮ್ಮಷ್ಟೇ ಕುರೂಪಿ. ನನಗೆ ಹೊಟ್ಟೆಕಿಚ್ಚಿಲ್ಲ. ದಿನಾ ಬೆಳಿಗ್ಗೆ ಚಂಪಾಬಾಯಿ ಒಬ್ಬರೇ ಉಣಕಲ್ ಕೆರೆಯ ಕಡೆ ವಾಕಿಂಗ್ ಹೊರಡುತ್ತಾರೆ. ಕೂತಲ್ಲಿಂದ ಅವರ ಒಂದೊಂದು ಹೆಜ್ಜೆಯೂ ಗೇಟಿನವರೆಗೆ ನನಗೆ ಕಾಣುತ್ತದೆ. ಸೀರೆಯ ಅಂಚು ಅಡ್ಡ ಬರುವುದಿಲ್ಲ.