ಬೂದುಗುಂಬಳದಾಚೆಯ ಹುಣಸೇಮರಗಳು

ನಾನು ಒಂದು ಸೈಕಲ್. ಕಾರ್ಖಾನೆಯಲ್ಲಿ ಹಸಿರು ಬಣ್ಣ ಬಳಿದವರು ನನ್ನ ಕತ್ತಿನ ಮೇಲೆ ಬೆಟ್ಟದ ದಾರಿಯ ಚಿತ್ರವೊಂದನ್ನು ಅಂಟಿಸಿದರು. ನಾನು ಕಂಡ ಮೊದಲ ಸುಳ್ಳು ಅದು. ನನ್ನನ್ನು ಕೊಂಡ ಸಾಹೇಬರು ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಕೊಳಚೆ ಪಂಪಿನ ಪಕ್ಕ ನಿಲ್ಲಿಸಿ ಮರೆತರು. ಮೂಗಿಲ್ಲದ ನನಗೂ ಅಲ್ಲಿ ಓಕರಿಕೆ ಬರುತ್ತಿತ್ತು.

ಕೊನೆಗೆ ಆ ಪಂಪು ನೋಡಿಕೊಳ್ಳುತ್ತಿದ್ದ ಜವರಯ್ಯನಿಗೆ ನನ್ನನ್ನು ಕೊಟ್ಟುಬಿಟ್ಟರು. ಅವನ ಮಗಳು ಸುಕನ್ಯ ಕ್ಯಾರಿಯರ್ ಮೇಲೆ ಕೂತವಳೇ, "ಅಪ್ಪಾ, ಹುಣಸೇಮರದ ರಸ್ತೆಗೆ ಯಾವಾಗ?" ಎಂದಳು. ಊರಾಚೆ ಪೈಪು ಹಾಕಲು ಹೋಗಿದ್ದಾಗ ಅವನು ಕಂಡ ರಸ್ತೆಯದು. ಎರಡೂ ಬದಿಯ ಮರಗಳು ಮೇಲೆ ಸೇರಿ ಚಪ್ಪರ ಹಾಕಿವೆಯೆಂದು ಅವನೇ ಆಸೆ ಹುಟ್ಟಿಸಿದ್ದ. ಆದರೆ ಭಾನುವಾರ ಬಂತೆಂದರೆ ಪಂಪು ಕೆಡುತ್ತಿತ್ತು. ವಿಜಯದಶಮಿಗೆ ಮಾತ್ರ ರಜೆ ಸಿಕ್ಕಿತು. ಮರುದಿನದಿಂದ ಮತ್ತೆ ಎರಡು ಪಾಳಿ.

ಹಿಂದಿನ ದಿನ ಆಯುಧಪೂಜೆ. ಜವರಯ್ಯ ನನಗೂ ಬಾಳೆಕಂದು ಕಟ್ಟಿ, ದೃಷ್ಟಿ ನಿವಾಳಿಸಿ, ಗಲ್ಲಿಯ ಬಾಯಲ್ಲಿ ಬೂದುಗುಂಬಳ ಒಡೆದ. ದಶಮಿಯ ಬೆಳಿಗ್ಗೆ ಹೊರಟೆವು. ಬೀದಿಯೆಲ್ಲ ಕುಂಬಳದ ಲೋಳೆ, ಕುಂಕುಮ, ನೊಣ. ಗಲ್ಲಿ ದಾಟುವ ಮೊದಲೇ ನನ್ನ ಮುಂದಿನ ಚಕ್ರ ಜಾರಿ, ಮೂವರೂ ಆ ಲೋಳೆಯಲ್ಲಿ ಬಿದ್ದೆವು.

"ಇದು ನೀನೇ ಒಡೆದಿದ್ದಲ್ವಾ ಅಪ್ಪಾ?"

"ದೃಷ್ಟಿ ಹೋಗ್ಲಿ ಅಂತ ಕಣವ್ವ."

"ದೃಷ್ಟಿ ಗೊತ್ತಿಲ್ಲ. ನಿನ್ನ ಮಂಡಿ ಚರ್ಮ ಹೋಯ್ತು."

ನನ್ನ ರಿಮ್ಮು ಸೊಟ್ಟಗಾಗಿತ್ತು. ಅವಳು ಲಂಗ ಒರೆಸಿಕೊಳ್ಳುತ್ತ, "ಈ ಸಲಾನೂ ಇಲ್ಲ ಬಿಡು" ಎಂದಳು. ಜವರಯ್ಯ ಚಕ್ರವನ್ನು ಒದ್ದು ಒದ್ದು ತಕ್ಕಮಟ್ಟಿಗೆ ನೇರ ಮಾಡಿ, "ಹತ್ತು" ಎಂದ.

ನೊರೆ ಕಾರುವ ಕೆರೆ, ಕೋಳಿಪುಕ್ಕದ ಮೂಟೆಗಳು, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ. ಊರು ಮುಗಿಯುತ್ತಲೇ ಇರಲಿಲ್ಲ. ಮುಗಿಯಿತು ಅಂದುಕೊಂಡಲ್ಲಿ ಅದರ ಕಸ ಸುರಿಯುವ ಲಾರಿ ನಿಂತಿತ್ತು. ಕಿರ್ರೆನ್ನುತ್ತ, ಅರ್ಧ ದಾರಿ ತಳ್ಳಿಸಿಕೊಂಡೇ ಹೋದೆ. ಆಮೇಲೆ ಒಂದು ತಿರುವು, ತಟ್ಟನೆ ನೆರಳು. ರಾತ್ರಿಯ ಮಳೆಗೆ ನೆನೆದ ಕೆಂಪುಮಣ್ಣು. ತಲೆಯ ಮೇಲೆ ಹುಣಸೆಯ ಚಪ್ಪರ. ಸುಕನ್ಯ ಎಳೆಗಾಯಿ ಕಚ್ಚಿ ಮುಖ ಕಿವುಚಿದಳು.

"ಥೂ, ಹುಳಿ. ಇನ್ನೊಂದು ಕಿತ್ಕೊಡಪ್ಪ."

ರಿಮ್ಮು ಮತ್ತೆ ಸರಿಹೋಗಲೇ ಇಲ್ಲ. ಈಗ ಗುಜರಿ ಅಂಗಡಿಯ ಹಿಂದೆ, ಹರಿದ ಟೈರುಗಳಡಿ ಬಿದ್ದಿದ್ದೇನೆ. ಸೀಟು ಇಲಿಗಳ ಪಾಲಾಗಿದೆ, ಪಕ್ಕದ ಚರಂಡಿ ಉಕ್ಕಿ ಮೈಮೇಲೆ ಹರಿಯುತ್ತದೆ. ಈ ಊರಿನ ಮೇಲಿನ ಹೇಸಿಗೆ ನನಗೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಮಡ್‌ಗಾರ್ಡಿನೊಳಗೆ, ಕಪ್ಪು ಕೊಚ್ಚೆಯ ಕೆಳಗೆ, ಒಂದು ಪದರ ಕೆಂಪುಮಣ್ಣು ಒಣಗಿ ಕೂತಿದೆ. ದಿನಾ ನನ್ನನ್ನು ಒರೆಸುತ್ತಿದ್ದ ಜವರಯ್ಯ ಅದೊಂದನ್ನು ಮಾತ್ರ ತೊಳೆದಿರಲಿಲ್ಲ.