ಇನ್ನೂರಾ ಹದಿನಾಲ್ಕು ಹೆಜ್ಜೆ

ಖಂಡೆಪ್ಪನವರ ಹೆಜ್ಜೆ ಎರಡೂವರೆ ಅಡಿ. ಒಂದು ಇಂಚು ಹೆಚ್ಚಿಲ್ಲ, ಒಂದು ಇಂಚು ಕಡಿಮೆಯಿಲ್ಲ. ಬಸವನ ಬಾಗೇವಾಡಿಯ ಸುತ್ತಲಿನ ಹೊಲಗಳನ್ನು ಅಳೆದು, ಮೂವತ್ತು ವರ್ಷ ಮೋಜಣಿ ಮಾಡಿ ಮಾಗಿದ ಕಾಲುಗಳು ಅವು. ಸಂತೆಗೆ ಹೊರಟರೂ, ಮದುವೆಯ ಪಂಕ್ತಿಗೆ ಹೊರಟರೂ ಅದೇ ಗಾಂಭೀರ್ಯದಿಂದ ಸಾಗುತ್ತವೆ, ತುಟಿಗಳು ಒಳಗೊಳಗೇ ಎಣಿಸುತ್ತಿರುತ್ತವೆ. ಬಲಗಿವಿಯ ಮೇಲೆ ಒಂದು ಮೊಂಡು ಪೆನ್ಸಿಲ್. ಯಾವ ಪ್ರಶ್ನೆಗೂ ಮೊದಲು ಒಂದೇ ಪೀಠಿಕೆ: "ಅಂದಾಜು ಹೇಳಂಗಿಲ್ರಿ." ನೆರೆಮನೆಯ ನಿವೃತ್ತ ಮಾಸ್ತರನಾದ ನಾನು ಒಮ್ಮೆ, ಇವತ್ತು ಮಳೆ ಬಂದೀತೇ ಎಂದು ಕೇಳಿಯೂ ಅದೇ ಉತ್ತರ ಪಡೆದಿದ್ದೇನೆ.

ಈ ಬರಹದಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ, ಸಂಬಂಧಪಟ್ಟವರ ಒಪ್ಪಿಗೆಯೂ ಇದೆ. ನಡಿಗೆಯನ್ನು ಬದಲಿಸಿ ಬರೆಯುವುದು ಮಾತ್ರ ನನ್ನಿಂದಾಗಲಿಲ್ಲ.

ಇಂಥ ಕರಾರುವಾಕ್ಕಾದ ಮನುಷ್ಯ ಕುಡಿತಕ್ಕೆ ಹೇಗೆ ಬಿದ್ದರೆಂದು ನಾನು ಕೇಳಿಲ್ಲ. ಹನ್ನೆರಡು ವರ್ಷ ಕುಡಿದರು, ಕೆಲಸ ಕೈಬಿಟ್ಟಿತು, ಆಸ್ಪತ್ರೆ ಸೇರಿ ಎದ್ದು ಬಂದರು. ಔಷಧದ ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ಕುಡಿತ ಬಿಟ್ಟವರ ಸಭೆಗೆ ವಾರವಾರವೂ ಹೋಗಿ ಎಂದರು ವೈದ್ಯರು. ಹೆಂಡತಿ ಸುನಂದಾ ನನ್ನೆದುರೇ, ಜೋಳ ಹಸನು ಮಾಡುತ್ತ, ದನಿಯೇರಿಸದೆ ಹೇಳಿದರು: "ಇನ್ನೊಂದ್ ಸಲ ಕುಡದ್ರ ನಾ ಮನಗೂಳಿಗೆ, ತವರಮನಿಗೆ ಹೋಗ್ತೇನಿ. ಕರಿಯಾಕ ಬರಬ್ಯಾಡ್ರಿ." ಆಕೆ ಬಾಯಿಮಾತಿಗೆ ಹೇಳುವ ಹೆಂಗಸಲ್ಲ. ಅದು ನನಗೂ ಗೊತ್ತಿತ್ತು, ಖಂಡೆಪ್ಪನವರಿಗೂ ಗೊತ್ತಿತ್ತು.

ಹೀಗೆ ಶುರುವಾಯಿತು ಸಭೆಯ ಶೋಧ. ಕನ್ಯೆ ನೋಡಲು ಹೋದವರೂ ಅಷ್ಟು ಕೊಂಕು ತೆಗೆದಿರಲಾರರು! ಸ್ವಂತ ಊರಿನ ಸಭೆ ಬೇಡ, ಎಲ್ಲರೂ ಗುರುತಿನವರು. ಇಂಡಿ ಪಟ್ಟಣದಲ್ಲಿ ಬಸ್ ನಿಲ್ದಾಣದಿಂದ ಸಭೆಗೆ ಹೋಗುವ ದಾರಿಯಲ್ಲಿ ಎರಡು ಸಾರಾಯಿ ಅಂಗಡಿ. ಎರಡನೆಯದರ ಮುಂದೆ ತಮ್ಮ ಹೆಜ್ಜೆ ಗಿಡ್ಡವಾಯಿತೆಂದು ಅವರೇ ಬಂದು ಒಪ್ಪಿಕೊಂಡರು. ಸಿಂದಗಿಯಲ್ಲಿ ದಾರಿ ಚೊಕ್ಕ, ಆದರೆ ಹಿರಿಯರೊಬ್ಬರು ಮುಕ್ಕಾಲು ಗಂಟೆ ಉಪದೇಶ ಮಾಡಿದರಂತೆ. "ಕುಡ್ಯಾವ್ರಿಗೆ ಬುದ್ಧಿ ಹೇಳಾವ್ರು ನಮ್ಮೂರಾಗ ಕಡಿಮಿ ಅದಾರೇನ್ರಿ ಸರ? ಅದಕ್ಕ ಸಿಂದಗಿತನ ಹೋಗಬೇಕೇನು?" ಕಡೆಗೆ ಮುದ್ದೇಬಿಹಾಳ. ನಿಲ್ದಾಣದಿಂದ ಇನ್ನೂರಾ ಹದಿನಾಲ್ಕು ಹೆಜ್ಜೆ, ದಾರಿಯಲ್ಲಿ ಒಂದೂ ಅಂಗಡಿಯಿಲ್ಲ, ಹಳೆಯ ಶಾಲೆಯ ಕೋಣೆ, ಹತ್ತು ಜನ, ಬಿಸಿ ಚಹಾ, ಒಬ್ಬನೂ ಗುರುತಿನವನಲ್ಲ. ಆ ಸಂಜೆ ಅವರ ಮುಖ ನೋಡಬೇಕಿತ್ತು.

ನಾಲ್ಕನೆಯ ರವಿವಾರ ಆ ಕೋಣೆಗೆ ತಂಗಡಗಿಯ ಫಕೀರಸಾಬ ಕಾಲಿಟ್ಟ. ಅವನೂ ಕುಡಿತ ಬಿಡಲು ಬಂದವನೇ. ಆರು ವರ್ಷದ ಹಿಂದೆ ಅವನಿಗೂ ಅವನ ಅಣ್ಣನಿಗೂ ಹೊಲ ಭಾಗ ಮಾಡಿಕೊಡಲು ಹೋದ ಖಂಡೆಪ್ಪನವರು ಬೆಳಿಗ್ಗೆಯೇ ಕುಡಿದಿದ್ದರು; ಅಳತೆಪಟ್ಟಿ ಹಿಡಿಯಲಾಗದೆ ಗಡಿ ಗುರುತಿನ ಬಾಂದಗಲ್ಲನ್ನು ಅಂದಾಜಿನ ಮೇಲೆ ನೆಡಿಸಿಬಿಟ್ಟರು. ಫಕೀರಸಾಬ ಹಚ್ಚಿ ಬೆಳೆಸಿದ ನಿಂಬೆಗಿಡ ಅಣ್ಣನ ಪಾಲಿಗೆ ಹೋಯಿತು, ಅಣ್ಣತಮ್ಮಂದಿರು ಮಾತು ಬಿಟ್ಟರು. ಖಂಡೆಪ್ಪನವರ ಜೀವಮಾನದಲ್ಲಿ ಅಂದಾಜಿನಿಂದ ನೆಟ್ಟ ಕಲ್ಲು ಅದೊಂದೇ. ಫಕೀರಸಾಬನನ್ನು ಕಂಡೊಡನೆ ಚಹಾದ ಲೋಟ ಕೆಳಗಿಟ್ಟು, ಯಾರಿಗೂ ಹೇಳದೆ ಹೊರಬಿದ್ದರು.

ಮುಂದಿನ ರವಿವಾರ ಹೋಗಲಿಲ್ಲ. ಅದರ ಮುಂದಿನ ರವಿವಾರ ಬೆಳಿಗ್ಗೆ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತರು. ಕೈ ನಡುಗುತ್ತಿತ್ತು.

"ಸರ, ನಿನ್ನೆ ಸೆರೆ ಅಂಗಡಿ ಬಾಗಲತನ ಹೋಗಿ ಹೊಳ್ಳಿ ಬಂದೇನಿ. ಇವತ್ತ ಹೊಳ್ಳತೇನೋ ಇಲ್ಲೋ ಹೇಳಾಕಾಗಂಗಿಲ್ಲ. ಮುದ್ದೇಬಿಹಾಳಕ್ಕ ನನ್ನ ಕೂಡ ಬರ್ರಿ."

ಸಿಂದಗಿಗೇ ಹೋಗೋಣವೇ ಎಂದೆ. "ಬ್ಯಾಡ್ರಿ. ಆ ಕಲ್ಲು ಅಲ್ಲಿಗೂ ಬೆನ್ನ ಹತ್ತಿ ಬರತೇತಿ," ಎಂದರು. ಅಂದು ನಿಲ್ದಾಣದಿಂದ ಕೋಣೆಗೆ ಇನ್ನೂರಾ ನಲವತ್ತು ಹೆಜ್ಜೆಯಾಯಿತು.

ಸಭೆಯವರು ನನಗೂ ಮೂಲೆಯಲ್ಲೊಂದು ಕುರ್ಚಿ ಕೊಟ್ಟರು. ಖಂಡೆಪ್ಪನವರು ಎದ್ದು ನಿಂತು ಫಕೀರಸಾಬನ ಕಡೆ ತಿರುಗಿದರು: "ನಾ ಖಂಡೆಪ್ಪ. ಕುಡುಕ ಅದೇನಿ. ಇವ್ರ ಬಾಂದಗಲ್ಲು ಕುಡದು ಹುಗಿಸೇನಿ, ಅಂದಾಜಿನ್ಯಾಗ."

ಫಕೀರಸಾಬ ಗಡ್ಡ ಕೆರೆದುಕೊಂಡ. "ನಿಮ್ಮಿಂದ ಕುಡುಕ ಆದ್ನಿ ಅಂತ ಹೇಳಂಗಿಲ್ರಿ, ಸುಳ್ಳಾಗತೇತಿ. ನಾ ಮೊದಲಿಂದನೂ ಕುಡೀತಿದ್ದೆ. ಆದ್ರ ಆರ ವರ್ಷಾತು, ಅಣ್ಣನ ಕೂಡ ಮಾತಿಲ್ಲ. ಓಡಿ ಹೋಗಬ್ಯಾಡ್ರಿ, ವಾರಾ ವಾರಾ ಬಂದು ಇಲ್ಲೇ ಕುಂಡ್ರರಿ. ಕೈ ನಡಗೂದು ನಿಂತ ಮ್ಯಾಲ ಹೊಲಕ್ಕ ಬರ್ರಿ."

ಖಂಡೆಪ್ಪನವರು ವಾರವಾರವೂ ಹೋಗಿ ಅವನ ಪಕ್ಕದಲ್ಲೇ ಕೂತರು; ಕೈ ನಡುಕ ನಿಲ್ಲಲು ಎರಡೂವರೆ ತಿಂಗಳು ಹಿಡಿಯಿತು. ತಂಗಡಗಿಯ ಹೊಲದಲ್ಲಿ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದವನು ನಾನೇ. ಮೂರು ಸಲ ಅಳೆದರು, ಮೂರು ಸಲವೂ ಒಂದೇ ಉತ್ತರ. ಕಲ್ಲು ಮೂರು ಹೆಜ್ಜೆ ಸರಿಯಿತು, ನಿಂಬೆಗಿಡ ಹಚ್ಚಿದವನಿಗೇ ಮರಳಿತು. ಅಣ್ಣ ಒಂದು ಮಾತೂ ಆಡಲಿಲ್ಲ, ಆದರೆ ಕಲ್ಲು ಎತ್ತುವಾಗ ತಮ್ಮನ ಜೊತೆ ತಾನೂ ಕೈಹಾಕಿದ. ನನ್ನ ಕಣ್ಣು ತುಂಬಿ ಬಂತು, ಅದನ್ನೇಕೆ ಮುಚ್ಚಿಡಲಿ?

ಮೊನ್ನೆ ಸುನಂದಾ ಮನಗೂಳಿಗೆ ಹೋಗಿದ್ದರು, ಅಣ್ಣನ ಮಗಳ ಮದುವೆಗೆ. ಕರೆತರಲು ಗಂಡನೇ ಹೋಗಿದ್ದರು. ಕುಡಿತ ಬಿಟ್ಟು ಎಷ್ಟು ದಿನವಾಯಿತೆಂದು ನಾನು ಕೇಳಿದರೆ, "ನೂರಾ ತೊಂಬತ್ತಾರು. ಅಂದಾಜಲ್ರಿ," ಎಂದರು.

ಚಟ ಬಿಡಲು ಹೊರಟವರು ತಮ್ಮನ್ನು ಯಾರೂ ಅರಿಯದ ಕೋಣೆಯನ್ನೇ ಹುಡುಕುತ್ತಾರೆ. ತಪ್ಪೆನ್ನಲಾರೆ, ನಾಚಿಕೆಗೂ ಒಂದು ನೆರಳು ಬೇಕು. ಆದರೆ ಖಂಡೆಪ್ಪನವರಂಥ ಲೆಕ್ಕದ ಮನುಷ್ಯರಿಗೆ ಆ ನೆರಳಿನಲ್ಲಿ ಬಹಳ ದಿನ ಕೂರಲಾಗುವುದಿಲ್ಲ. ಯಾರ ಮುಖ ನೋಡಲು ಅಂಜಿ ಊರೂರು ಅಲೆದರೋ, ಅವನ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದ ದಿನವೇ ಅವರ ಅಲೆದಾಟ ನಿಲ್ಲುತ್ತದೆ.