ಹಿಡಿ ಖಾರಕ್ಕೊಂದು ಗೀಟು

ದುರಗವ್ವನ ಅಂಗೈ ತಕ್ಕಡಿಯ ಮೇಲೆ ಹಾಗೇ ನಿಂತಿತ್ತು. ಕಾಲು ಕಿಲೋ ಖಾರದ ಸೇವಿನ ಪೊಟ್ಟಣ ಆಗಲೇ ಅವಳ ಚೀಲ ಸೇರಿತ್ತು, ಐವತ್ತು ರೂಪಾಯಿಯೂ ಕೊಟ್ಟಾಗಿತ್ತು. ಉಳಿದದ್ದು ಕೊಸರು. ತಡಸದಿಂದ ಸವಣೂರಿನ ಸಂತೆಗೆ ಬಂದಾಗಲೆಲ್ಲ ಈ ಅಂಗಡಿಯಲ್ಲಿ ತೂಕದ ಮೇಲೊಂದು ಹಿಡಿ ಈಸಿಕೊಂಡು, ಬಸ್ಸು ಬರುವ ತನಕ ಅದನ್ನು ತಿನ್ನುತ್ತ ನಿಲ್ಲುವುದು ಮುದುಕಿಯ ರೂಢಿ.

ಲಾಲಬಿ ಗಲ್ಲಾಪೆಟ್ಟಿಗೆಯ ಕಡೆ ನೋಡಿದಳು. ಅಂಗಡಿ ಅವಳದು, ಒಳಗೆ ಒಲೆಯ ಮುಂದೆ ಸೇವು ಕರಿಯುತ್ತಿದ್ದ ನಬೀಸಾಬ ಅವಳ ಗಂಡ. ಆದರೆ ಸಂಜೆ ನಾಲ್ಕರಿಂದ ಎಂಟರವರೆಗೆ ಗಲ್ಲಾಪೆಟ್ಟಿಗೆ ಎಣ್ಣೆ ವ್ಯಾಪಾರಿ ನೀಲಪ್ಪನದು. ನಬೀಸಾಬ ಶಿಗ್ಗಾಂವದ ಹೈವೇ ಬದಿಗೆ ಇನ್ನೊಂದು ಅಂಗಡಿ ಹಾಕಲು ಹೋಗಿ ಕೈ ಸುಟ್ಟುಕೊಂಡಿದ್ದ. ಸಾಲ ಕೊಟ್ಟ ನಾಲ್ವರನ್ನು ಹಿರಿಯರು ಕೂರಿಸಿ ಕರಾರು ಮಾಡಿಸಿದ್ದರು. ಬಡ್ಡಿ ಬಿಡುವುದು, ಮುಂಜಾನೆಯ ವ್ಯಾಪಾರ ಮನೆಗೆ ಮತ್ತು ಹಿಟ್ಟು-ಎಣ್ಣೆಗೆ, ಸಂಜೆಯದು ಸಾಲಕ್ಕೆ. ಸಂಜೆಯ ವ್ಯಾಪಾರ ವಾರಕ್ಕೆ ಐದು ಸಾವಿರ ಆಗಲೇಬೇಕು. ಮೂರು ವಾರ ಒಂದೇ ಸಮ ತಪ್ಪಿದರೆ ಅಂಗಡಿ ಬಿಟ್ಟುಕೊಡಬೇಕು.

ನಾಲ್ವರ ಪರವಾಗಿ ಕೂರುವ ಕೆಲಸ ಅವರಲ್ಲೊಬ್ಬನಾದ ನೀಲಪ್ಪನ ಪಾಲಿಗೆ ಬಂದಿತ್ತು. ನಾಲ್ಕು ಹೊಡೆದ ಕೂಡಲೇ ಬಂದು, ಲಾಲಬಿಯ ಸ್ಕ್ಯಾನರ್ ಹಲಗೆ ಮಗುಚಿಟ್ಟು ತನ್ನದನ್ನು ನಿಲ್ಲಿಸುತ್ತಿದ್ದ. ಮನುಷ್ಯ ಕೆಟ್ಟವನೇನಲ್ಲ, ಪೈಸೆಗೆ ಪೈಸೆ ಹಿಡಿಯುವವನು ಅಷ್ಟೆ. ಬಂದ ಮೊದಲ ದಿನವೇ ಕೊಸರು ನಿಲ್ಲಿಸಿದ. ಅದು ನಿಂತದ್ದೇ ಗಿರಾಕಿಗಳು ಎದುರಿನ ಅಂಗಡಿಗೆ ಹೊರಳಿದರು. ಎರಡು ವಾರ ಐದು ಸಾವಿರ ಆಗಲಿಲ್ಲ. ಇವತ್ತು ಮೂರನೆಯ ವಾರದ ಕಡೆಯ ದಿನ, ಇನ್ನೂ ಹತ್ತೊಂಬತ್ತು ನೂರು ಬೇಕಿತ್ತು.

"ಯಾಕ ಲಾಲಬಿ, ಈ ಕೈ ಕಾಣವಲ್ದೇನ?" ಎಂದಳು ದುರಗವ್ವ.

ಲಾಲಬಿ ಒಂದು ಹಿಡಿ ಖಾರ ತೆಗೆದು ಆ ಕೈಗೆ ಸುರಿದಳು.

"ಅಕ್ಕಾರ, ಅದು ನಾಕ್ ಮಂದಿ ರೊಕ್ಕ ಐತ್ರಿ," ಎಂದ ನೀಲಪ್ಪ, ದನಿ ಏರಿಸದೆ.

"ಆ ರೊಕ್ಕಾನ ದುಡಿಯಾಕತ್ತೇನ್ರಿ ನಾ. ಕೊಸರು ಕೊಡಲಿಲ್ಲಂದ್ರ ಮಂದಿ ಬರೂದಿಲ್ಲ. ಬೇಕಾದ್ರ ಬರಕೊಳ್ರಿ."

ಅವನು ನಿಜವಾಗಿಯೂ ಬರೆದುಕೊಂಡ. ಹಿಡಿಗೆ ಎರಡು ರೂಪಾಯಿ, ಕಡೆಗೆ ಒಟ್ಟು ಮೊತ್ತದಲ್ಲಿ ಕಳೆಯುತ್ತೇನೆ ಎಂದು ಹೇಳಿ, ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಗೀಟು ಎಳೆದ. ಲಾಲಬಿ ಆಗಲಿ ಎಂದಳು. ಒಳಗೆ ಜಾಲರಿ ಸೌಟಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ದುರಗವ್ವ ಬಸ್‌ಸ್ಟ್ಯಾಂಡಿನಲ್ಲಿ ಮೆಲ್ಲುತ್ತ ಯಾರ ಮುಂದೆ ಏನು ಹೇಳಿದಳೋ, ಅರ್ಧ ತಾಸಿನಲ್ಲಿ ಹಳೆಯ ಮುಖಗಳು ಒಂದೊಂದೇ ಅಂಗಡಿಯ ಮುಂದೆ ಕಾಣತೊಡಗಿದವು. ಲಾಲಬಿಯ ಹಿಡಿ ಸಣ್ಣದಾಗಲಿಲ್ಲ, ನೀಲಪ್ಪನ ಪೆನ್ನೂ ನಿಲ್ಲಲಿಲ್ಲ. ಒಬ್ಬಳ ಕಂಕುಳಲ್ಲಿದ್ದ ಕೂಸಿನ ಕೈಗೆ ಲಾಲಬಿ ನಾಲ್ಕು ಎಳೆ ಸೇವು ಇಟ್ಟಾಗ ಅವನು ಯೋಚಿಸಿ, ಒಂದು ಗಿಡ್ಡ ಗೀಟು ಎಳೆದ. ಅದನ್ನು ಕಂಡು ಲಾಲಬಿಗೆ ಸಿಟ್ಟು ಬಂತು, ನಗುವೂ ಬಂತು.

ಎಂಟಕ್ಕೆ ಐದು ನಿಮಿಷವಿರುವಾಗ ಬೀದಿ ಖಾಲಿಯಾಯಿತು. ನೋಟು, ಚಿಲ್ಲರೆ, ಫೋನಿಗೆ ಬಂದದ್ದು ಎಲ್ಲ ಸೇರಿ ಎರಡು ಸಾವಿರದ ಹತ್ತು. ಗೀಟು, ಗಿಡ್ಡದ್ದನ್ನು ಬಿಟ್ಟು, ಅರವತ್ತಮೂರು. ನೂರಾ ಇಪ್ಪತ್ತಾರು ಕಳೆದರೆ ಹದಿನಾರು ರೂಪಾಯಿ ಕಮ್ಮಿ. ನೀಲಪ್ಪ ಇನ್ನೊಮ್ಮೆ ಎಣಿಸಿದ. ಹದಿನಾರೇ.

ಹದಿನಾರು ರೂಪಾಯಿ ಮನೆಯ ಡಬ್ಬಿಯಲ್ಲಿ ಇಲ್ಲದೆ ಇರಲಿಲ್ಲ. ಆದರೆ ಮುಂಜಾನೆಯ ರೊಕ್ಕ ಸಾಲಕ್ಕೆ ಮುಟ್ಟಬಾರದೆಂದು ಕರಾರಿನಲ್ಲೇ ಇತ್ತು. ಮನೆ ಉಪವಾಸ ಬೀಳಬಾರದೆಂದು ಹಿರಿಯರು ಕನಿಕರದಿಂದ ಹಾಕಿಸಿದ ಮಾತು ಅದು. ನಬೀಸಾಬ ಒಲೆ ಆರಿಸಿ ಬಂದು ಬಾಗಿಲಿಗೆ ಆನಿಕೊಂಡು ನಿಂತ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

ನೀಲಪ್ಪ ಪುಸ್ತಕ ಮುಚ್ಚಿ, ಪೆನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿದ. ಗೋಡೆಯ ಗಡಿಯಾರ ನೋಡಿದ. ಎದ್ದು, ಗಲ್ಲಾಪೆಟ್ಟಿಗೆಯನ್ನು ಸುತ್ತಿಕೊಂಡು ಗಿರಾಕಿಗಳು ನಿಲ್ಲುವ ಕಡೆಗೆ ಬಂದ.

"ಕಾಲು ಕಿಲೋ ತೂಗ್ರಿ ಅಕ್ಕಾರ," ಎಂದು ಐವತ್ತರ ನೋಟು ಮುಂದಿಟ್ಟ. "ಇನ್ನಾ ಎಂಟಾಗಿಲ್ಲ."

ಲಾಲಬಿ ತೂಗಿದಳು. ತಕ್ಕಡಿಯಲ್ಲಿ ಇನ್ನೂರೈವತ್ತು ಎಂದು ಕೆಂಪಗೆ ಮೂಡುವ ತನಕ ಒಂದೊಂದೇ ಎಳೆ ಹಾಕಿ, ಪೊಟ್ಟಣ ಕಟ್ಟಿ ಕೊಟ್ಟಳು. ಅವನು ಎಡಗೈಯಲ್ಲಿ ತೆಗೆದುಕೊಂಡ. ಬಲಗೈ ಮಾತ್ರ ಹಳೆಯ ರೂಢಿಯಂತೆ ಮುಂದೆ ಬಂದು ತಕ್ಕಡಿಯ ಮೇಲೆ ಅಂಗೈ ಬಿಚ್ಚಿ ನಿಂತಿತು.

ಇಬ್ಬರೂ ಆ ಕೈಯನ್ನು ನೋಡಿದರು. ಲಾಲಬಿ ಹಿಡಿ ತುಂಬ ಖಾರ ಸುರಿದಳು.

ಪುಸ್ತಕ ಗಲ್ಲಾಪೆಟ್ಟಿಗೆಯ ಮೇಲಿತ್ತು, ಪೆನ್ನು ಕಿಸೆಯಲ್ಲಿ. ನೀಲಪ್ಪನ ಎರಡೂ ಕೈ ತುಂಬಿದ್ದವು. ಪುಸ್ತಕದ ಕಡೆ ಒಮ್ಮೆ ನೋಡಿ, ಬಲಗೈಯನ್ನು ಬಾಯಿಗೆ ಒಯ್ದು, ಅಗಿಯುತ್ತ ಮೆಟ್ಟಿಲಿಳಿದ.